ತುಟಿ ಹೊಲಿದ ಮೇಲೆ ಮಾತು ಕಲಿಸೋರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸೀಳು ತುಟಿಯ ಮಕ್ಕಳಿಗೆ ಉಚಿತ ಆಪರೇಷನ್ ಶಿಬಿರ ನಡೆದ ಸುದ್ದಿ ಓದಿದೆ. ಎರಡು ಫೋಟೊ ಹಾಕಿದ್ದಿರಿ. ಒಂದು ಆಪರೇಷನ್‌ಗೆ ಮುಂಚಿನದು, ಇನ್ನೊಂದು ಆದ ಮೇಲಿನದು. ಎರಡನೆಯದರಲ್ಲಿ ಮಗು ನಗುತ್ತಿತ್ತು. ನೋಡಿ ತುಂಬಾ ಸಂತೋಷವಾಯಿತು, ಇಂಥ ಸುದ್ದಿ ಇನ್ನೂ ಜಾಸ್ತಿ ಬರಲಿ. ಆದರೆ ಸುದ್ದಿ ಯಾವಾಗಲೂ ಆ ಎರಡನೇ ಫೋಟೊಗೇ ನಿಂತುಬಿಡುತ್ತದೆ ಅಲ್ವಾ, ಅದಕ್ಕೇ ಈ ಪತ್ರ. ನನ್ನ ಮಗಳಿಗೂ ಹುಟ್ಟುವಾಗಲೇ ತುಟಿ ಸೀಳಿತ್ತು, ಒಳಗೆ ಅಂಗುಳವೂ ಸೀಳಿತ್ತು. ಫೋಟೊ ಲೆಕ್ಕದಲ್ಲಿ ಅವಳ ಕಥೆ ಎರಡನೇ ವರ್ಷಕ್ಕೇ ಮುಗಿದಿದೆ. ಅವಳ ಮಾತಿನ ಕಥೆ ಈಗಲೂ ನಡೆಯುತ್ತಿದೆ, ಈ ಮಾರ್ಚ್‌ಗೆ ಅವಳಿಗೆ ಆರು ತುಂಬಿತು.

ಅವಳನ್ನು ಇಲ್ಲಿ ಪುಟ್ಟಿ ಅಂತಲೇ ಕರೆಯುತ್ತೇನೆ. ನನ್ನ ಹೆಸರನ್ನೂ ಹಾಕಬೇಡಿ. ನಾಚಿಕೆಯಿಂದ ಅಲ್ಲ. ಇದು ಅವಳ ವಿಷಯ, ದೊಡ್ಡವಳಾದ ಮೇಲೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅಂತ ಅವಳೇ ನೋಡಿಕೊಳ್ಳಲಿ.

ಮೊದಲು ಗ್ರಹಣದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿಗೂ ನಮ್ಮ ಕಡೆ ಇಂಥ ಮಗು ಹುಟ್ಟಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಅದೇ. 2019ರ ಡಿಸೆಂಬರ್ 26ಕ್ಕೆ ಸೂರ್ಯಗ್ರಹಣ ಆಯಿತಲ್ಲ, ಮಂಗಳೂರು, ಕೊಡಗಿನ ಕಡೆ ಬಳೆಯ ಹಾಗೆ ಕಂಡಿದ್ದು, ಆಗ ನಾನು ಆರು ತಿಂಗಳ ಬಸುರಿ. ಬೆಳಿಗ್ಗೆ ಹೊತ್ತು, ಹಸುವಿನ ಹಗ್ಗ ಬಿಚ್ಚಿಹೋಗಿತ್ತು ಅಂತ ಹಿತ್ತಿಲಿಗೆ ಹೋಗಿದ್ದೆ. ಬಂದು ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಕೊಯ್ದಿದ್ದೆ. ಇಷ್ಟೇ ನಾನು ಮಾಡಿದ್ದು. ಪುಟ್ಟಿ ಹುಟ್ಟಿದ ದಿನದಿಂದ ಆ ಈಳಿಗೆಮಣೆ ನನ್ನ ಬೆನ್ನು ಬಿಡಲಿಲ್ಲ. ಮಗುವಿನ ತುಟಿಯನ್ನು ನಾನೇ ಕೊಯ್ದೆ ಅನ್ನೋ ಹಾಗೆ ಮಾತಾಡಿದವರು ಇದ್ದಾರೆ. ಎರಡು ವರ್ಷ ನಾನೂ ಅದನ್ನೇ ನಂಬಿದ್ದೆ, ರಾತ್ರಿ ಎದ್ದು ಕೂತು ಅಳುತ್ತಿದ್ದೆ. ಕೊನೆಗೆ ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಬೆರಳು ಮಡಚಿ ಲೆಕ್ಕ ಹೇಳಿದರು. ಹೊಟ್ಟೆಯಲ್ಲಿರುವ ಕೂಸಿಗೆ ತುಟಿ ಕೂಡಿಕೊಳ್ಳುವುದು ಎರಡನೇ ತಿಂಗಳೊಳಗೆ, ಅಂಗುಳ ಕೂಡಿಕೊಳ್ಳುವುದು ಮೂರನೇ ತಿಂಗಳೊಳಗೆ. ಕೂಡದಿದ್ದರೆ ಹಾಗೇ ಸೀಳು ಉಳಿಯುತ್ತದೆ. ಗ್ರಹಣ ಬಂದಾಗ ನಿಮಗೆ ಆರು ತಿಂಗಳು, ಅಷ್ಟೊತ್ತಿಗೆ ಆಗಬೇಕಾದ್ದೆಲ್ಲ ಆಗಿ ಮೂರು ತಿಂಗಳಾಗಿತ್ತಮ್ಮಾ, ಅಂದರು. ಆ ಲೆಕ್ಕ ನನಗೆ ಯಾರಾದರೂ ಮೊದಲೇ ಹೇಳಿದ್ದರೆ! ಅದಕ್ಕೇ ಇಲ್ಲಿ ಬರೆದಿದ್ದೇನೆ, ಓದಿದ ತಾಯಂದಿರು ಅವರವರ ಲೆಕ್ಕ ಹಾಕಿಕೊಳ್ಳಲಿ. ಪ್ರಪಂಚದಲ್ಲಿ ಹೆಚ್ಚೂಕಡಿಮೆ 700 ಮಕ್ಕಳಿಗೆ ಒಂದು ಮಗು ಹೀಗೆ ಹುಟ್ಟುತ್ತದಂತೆ, ಗ್ರಹಣಕ್ಕೆ ಹೆದರದ ದೇಶಗಳಲ್ಲೂ. ವಂಶದಲ್ಲಿ ಇದ್ದರೆ ಬರಬಹುದು, ಬಸುರಿಯಲ್ಲಿ ಬೀಡಿ ಸಿಗರೇಟಿನ ಹೊಗೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆ, ಇವೂ ಕಾರಣ ಆಗಬಹುದು. ಜಾಸ್ತಿ ಮಕ್ಕಳಲ್ಲಿ ಮಾತ್ರ ಇದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸೋಕೆ ಆಗುವುದಿಲ್ಲ.

ಪುಟ್ಟಿ ಹುಟ್ಟಿದ್ದು 2020ರ ಮಾರ್ಚ್ ಕೊನೆಗೆ. ಲಾಕ್‌ಡೌನ್ ಶುರುವಾದ ವಾರ. ಬಸ್ಸಿಲ್ಲ, ಅಂಗನವಾಡಿ ಇಲ್ಲ, ಮನೆಗೆ ಬಂದು ನೋಡೋರಿಲ್ಲ. ಮಗು ಎದೆಹಾಲು ಚೀಪೋಕೆ ಆಗುತ್ತಿರಲಿಲ್ಲ, ಅಂಗುಳದಲ್ಲಿ ಸೀಳಿದ್ದರೆ ಚೀಪುವ ಬಿಗಿ ಬರುವುದಿಲ್ಲ. ಕುಡಿದ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು. ಹಾಲು ಹಿಂಡಿ ಒಳಲೆಯಲ್ಲಿ (ಕೂಸಿಗೆ ಹಾಲು ಹನಿಸುವ ಮೂತಿ ಇರುವ ಸಣ್ಣ ಬಟ್ಟಲು) ಕುಡಿಸಿ, ಮಲಗಿಸಿ ಕುಡಿಸಬೇಡಿ, ತಲೆ ಎತ್ತರಕ್ಕೆ ಹಿಡಿದು ಕುಡಿಸಿ ಅಂತ ಆಶಾ ಕಾರ್ಯಕರ್ತೆ ಫೋನಲ್ಲೇ ಹೇಳಿಕೊಟ್ಟರು. ನಮ್ಮ ಅತ್ತೆಯವರ ತವರಿನ ಬೆಳ್ಳಿ ಒಳಲೆ ಇತ್ತು. ಅದರಲ್ಲಿ ಹನಿ ಹನಿಯಾಗಿ, ಒಂದು ಸಲಕ್ಕೆ ಮುಕ್ಕಾಲು ಗಂಟೆ. ಗ್ರಹಣದ ಮಾತು ಆಡಿದವರಲ್ಲಿ ಅತ್ತೆಯವರೂ ಒಬ್ಬರು, ಹಾಗೇ ರಾತ್ರಿ ಎರಡು ಗಂಟೆಗೆ ಎದ್ದು ಆ ಒಳಲೆ ಹಿಡಿದು ಕೂತವರೂ ಅವರೇ.

ತುಟಿ ಆಪರೇಷನ್‌ಗೆ ಡಾಕ್ಟರುಗಳು ನೋಡುವ ಲೆಕ್ಕ ಒಂದಿದೆ. ಹತ್ತು ವಾರ ಆಗಿರಬೇಕು, ನಾಲ್ಕೂವರೆ ಕೆ.ಜಿ. ತೂಗಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಇರಬೇಕು. ಪುಟ್ಟಿಗೆ ಹತ್ತು ವಾರವೂ ಆಯಿತು, ತೂಕವೂ ಬಂತು, ಆದರೆ ಆಗ ಅರ್ಜೆಂಟ್ ಅಲ್ಲದ ಆಪರೇಷನ್ ಯಾರೂ ಮಾಡುತ್ತಿರಲಿಲ್ಲ. ಕೊನೆಗೆ ಒಂಬತ್ತು ತಿಂಗಳಿಗೆ ತುಟಿ ಹೊಲಿದರು. ಅಂಗುಳದ್ದು ಒಂದು ವರ್ಷದ ಹೊತ್ತಿಗೆ ಆಗಬೇಕಿತ್ತು, ಅಷ್ಟರಲ್ಲಿ ಕೊರೊನಾ ಎರಡನೇ ಅಲೆ. ಆಮೇಲೆ ಇವಳಿಗೆ ಬಿಡದ ನೆಗಡಿ, ರಕ್ತ ಕಡಿಮೆ. ಅಂತೂ ಎರಡು ವರ್ಷ ತುಂಬಿದ ಮೇಲೆ ಆಯಿತು. ಎರಡಕ್ಕೂ ನಾವು ಒಂದು ರೂಪಾಯಿ ಕೊಡಲಿಲ್ಲ, ಧರ್ಮದ ದುಡ್ಡಲ್ಲಿ ಆಯಿತು. ಮಾಡಿದವರ ಹೊಟ್ಟೆ ತಣ್ಣಗಿರಲಿ.

ಮನೆಗೆ ಬಂದೆವು. ಇನ್ನೇನು, ಮಾತು ಬರುತ್ತದೆ ಅಂತ ಕಾದೆವು.

ಮಾತು ಬಂತು. ಪುಟ್ಟಿ ಮಾತಿನ ಮಲ್ಲಿ, ಸುಮ್ನೆ ಕೂರೋ ಮಗುವೇ ಅಲ್ಲ. ಆದರೆ ಏನು ಹೇಳುತ್ತಾಳೆ ಅಂತ ನನಗೂ ಅತ್ತೆಗೂ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಪ್ಪಾಯಿಗೆ ಮಮ್ಮಾಯಿ. ಬೇಬಿಗೆ ಮೇಮಿ. ದೋಸೆಗೆ ನೋಎ. ತಾತನಿಗೆ ನಾನ. ಕ ಬರುವ ಕಡೆ ಅಕ್ಷರವೇ ಇಲ್ಲ, ಗಂಟಲಲ್ಲಿ ಒಂದು ಸಣ್ಣ ಬಿಕ್ಕು ಅಷ್ಟೇ. ಮತ್ತೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುತ್ತಿದ್ದದ್ದು ಇದಕ್ಕೆ: ಅವಳ ಬಾಯಲ್ಲಿ ಅಪ್ಪ ಅನ್ನೋದೂ ಅಮ್ಮ ಅಂತಲೇ ಬರುತ್ತಿತ್ತು. ನನ್ನನ್ನೂ ಅಮ್ಮ ಅಂತಿದ್ದಳು, ಅವರನ್ನೂ ಅಮ್ಮ ಅಂತಿದ್ದಳು. ಇಬ್ಬರೂ ಒಂದೇ ಕಡೆ ಇದ್ದಾಗ ಕರೆದರೆ ನಾವಿಬ್ಬರೂ ಅವಳ ಕಣ್ಣು ನೋಡುತ್ತಿದ್ದೆವು, ಯಾರ ಕಡೆ ತಿರುಗಿದೆ ಅಂತ. ನಮ್ಮ ಯಜಮಾನರು ಜಾಸ್ತಿ ಮಾತಿನವರಲ್ಲ. ಒಂದು ದಿನ ಊಟಕ್ಕೆ ಕೂತಾಗ, "ಅವಳು ಅಪ್ಪ ಅಂತಲೇ ಕರೀತಿದ್ದಾಳೆ, ನಮಗೆ ಕೇಳ್ತಿಲ್ಲ ಅಷ್ಟೇ" ಅಂದರು. ಅನ್ನದ ತಟ್ಟೆ ಮುಂದೆ ಇಟ್ಟುಕೊಂಡು ನನಗೆ ತುತ್ತು ಇಳಿಯಲಿಲ್ಲ.

ಸಲಹೆ ಕೊಡೋರಿಗೆ ಬರವಿರಲಿಲ್ಲ. ಬಜೆ ತೇದು ನಾಲಿಗೆಗೆ ಹಚ್ಚಿ ಅಂದರು, ಹಚ್ಚಿದೆವು. ಜೇನುತುಪ್ಪ ನೆಕ್ಕಿಸಿ ಅಂದರು. ನಾಲಿಗೆ ಕೆಳಗಿನ ನರ ಕೊಯ್ಸಿ ಅಂದರು, ಸದ್ಯ ಅದೊಂದು ಮಾಡಲಿಲ್ಲ. ಶಂಖ ಊದಿಸಿ, ಬಲೂನ್ ಊದಿಸಿ ಅಂದರು. ಆಪರೇಷನ್ ಸರಿ ಆಗಿಲ್ಲ ಅಂತಲೂ ಅಂದರು. ಸ್ಕೂಲಿಗೆ ಹೋದರೆ ತಾನಾಗೇ ಸರಿಹೋಗುತ್ತದೆ ಅಂತ ಹೇಳಿದವರೇ ಜಾಸ್ತಿ. ಆಪರೇಷನ್ ಆದ ಆಸ್ಪತ್ರೆಯ ಚೀಟಿಯಲ್ಲಿ ಕೊನೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಸ್ಪೀಚ್ ಥೆರಪಿ ಅಂತ ಎರಡೇ ಪದ ಬರೆದಿತ್ತು. ಅದು ಎಲ್ಲಿ ಸಿಗುತ್ತದೆ, ಯಾವಾಗ ಶುರು ಮಾಡಬೇಕು, ಎಷ್ಟು ದಿನ, ಯಾರೂ ಕೂರಿಸಿ ಹೇಳಲಿಲ್ಲ. ಆರು ತಿಂಗಳು ಆ ಚೀಟಿ ಬೀರುವಿನಲ್ಲಿ ಸೀರೆ ಕೆಳಗಿತ್ತು. ನನ್ನ ನಿಜವಾದ ದೂರು ಇದೊಂದೇ ಸ್ವಾಮಿ. ಆಪರೇಷನ್ ಮಾಡಿದವರ ಮೇಲೆ ಅಲ್ಲ, ಆ ಎರಡು ಪದದ ಮೇಲೆ.

ಚೀಟಿ ಮತ್ತೆ ಕೈಗೆ ಸಿಕ್ಕಿದ ಮೇಲೆ ವಿಚಾರಿಸಿಕೊಂಡು ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಬೇರೆ ರಾಜ್ಯಗಳಿಂದಲೂ ಜನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನಮಗೆ ಎರಡೂವರೆ ಗಂಟೆ ದಾರಿಯಲ್ಲೇ ಇದ್ದರೂ ಗೊತ್ತಿರಲಿಲ್ಲ ನೋಡಿ.

ಅಲ್ಲಿ ನಮಗೆ ಪಾಠ ಹೇಳಿದ ಮೇಡಂ ಚಿಕ್ಕ ವಯಸ್ಸಿನವರು. ಗೋಡೆ ಮೇಲೆ ಕನ್ನಡ ವರ್ಣಮಾಲೆ ಚಾರ್ಟ್ ಇತ್ತು. ಕ ಖ ಗ ಘ ಙ, ಚ ಛ ಜ ಝ ಞ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ, ಆ ಚಾರ್ಟಿನಲ್ಲಿ ಪ್ರತಿ ಸಾಲಿನ ಕೊನೇ ಅಕ್ಷರವನ್ನು ಕೈಯಿಂದ ಮುಚ್ಚಿದರು. "ಈ ಐದು ಅಕ್ಷರಕ್ಕೆ ಮಾತ್ರ ಗಾಳಿ ಮೂಗಿಂದ ಹೋಗಬೇಕು. ಮಿಕ್ಕಿದ್ದಕ್ಕೆಲ್ಲ ಬಾಯಿಂದ. ನಿಮ್ಮ ಮಗಳಿಗೆ ಎಲ್ಲ ಅಕ್ಷರಾನೂ ಈ ಕೊನೇ ಮನೆಗೇ ಹೋಗಿ ಬೀಳ್ತಿದೆ" ಅಂದರು. ಅನುನಾಸಿಕ ಅಂತ ಶಾಲೆಯಲ್ಲಿ ಒಂದು ಮಾರ್ಕಿಗೆ ಬರೆದಿದ್ದೆ. ಅದು ಏನು ಅಂತ ಅರ್ಥ ಆಗಿದ್ದು ಅವತ್ತು. ಪ ಮತ್ತು ಮ ಎರಡಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ಬೇಕಾದರೆ ಕನ್ನಡಿ ನೋಡಿಕೊಳ್ಳಿ. ವ್ಯತ್ಯಾಸ ಇರುವುದು ಒಳಗೆ. ಪ ಅನ್ನುವಾಗ ಅಂಗುಳದ ಹಿಂದಿನ ಮೆದು ಭಾಗ ಮೇಲಕ್ಕೆ ಎದ್ದು ಮೂಗಿನ ದಾರಿ ಮುಚ್ಚುತ್ತದೆ. ಅದು ಮುಚ್ಚದಿದ್ದರೆ ಪ ಹೋಗಿ ಮ ಆಗುತ್ತದೆ, ಅಪ್ಪ ಹೋಗಿ ಅಮ್ಮ ಆಗುತ್ತಾರೆ.

ಯಜಮಾನರಿಗೆ ತಕ್ಷಣ ಹೊಳೆಯಿತು. "ಅಂದ್ರೆ ತೂಬು ಮೇಡಂ. ಮೂಗಿನ ಕಡೆ ತೂಬು ಮುಚ್ತಿಲ್ಲ" ಅಂದರು. ನಮ್ಮದು ಹೇಮಾವತಿ ನಾಲೆ ನೀರಿನ ಗದ್ದೆ, ನೀರು ಬಿಡೋಕೆ, ಮುಚ್ಚೋಕೆ ಇರುವ ತೂಬು ಅಂದರೆ ಗೊತ್ತಿರುತ್ತದೆ. ಮೇಡಂ ನಗುತ್ತಾ ಹೌದು ಅಂದರು. ಡಾಕ್ಟರು ತೂಬು ಕಟ್ಟಿಕೊಟ್ಟಿದ್ದಾರೆ, ಆದರೆ ಎರಡು ವರ್ಷ ತೂಬೇ ಇಲ್ಲದೆ ಮಾತು ಕಲಿತ ಮಗುವಿಗೆ ಅದನ್ನು ಮುಚ್ಚೋದು ಗೊತ್ತಿಲ್ಲ, ಗಾಳಿ ಹಳೇ ದಾರೀಲೇ ಹೋಗುತ್ತದೆ, ಅದನ್ನು ಕಲಿಸಬೇಕು, ಅಂದರು. ಕೆಲವು ಮಕ್ಕಳಿಗೆ ಹೊಲಿದ ಮೇಲೂ ಅಂಗುಳ ಹಿಂದಕ್ಕೆ ಮುಟ್ಟುವುದಿಲ್ಲ, ಅವರಿಗೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಪುಟ್ಟಿಯದು ಮುಟ್ಟುತ್ತಿತ್ತು. ಶಂಖ, ಬಲೂನಿನ ವಿಷಯ ಕೇಳಿದೆ. ಊದಿದರೆ ಊದೋದು ಬರುತ್ತದೆ, ಮಾತಾಡಿದರೆ ಮಾತು ಬರುತ್ತದೆ ಅಂದರು. ಬಜೆ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಪಾಪ, ನಾಲಿಗೆಯದು ಇದರಲ್ಲಿ ತಪ್ಪೇ ಇರಲಿಲ್ಲ.

ಕಿವಿಯನ್ನೂ ಅಲ್ಲೇ ಪರೀಕ್ಷೆ ಮಾಡಿದರು. ಇದನ್ನು ಎಲ್ಲ ತಂದೆತಾಯಿ ತಿಳಿದುಕೊಳ್ಳಬೇಕು. ಅಂಗುಳ ಸೀಳಿದ ಮಕ್ಕಳಿಗೆ ಕಿವಿ ಪರದೆ ಹಿಂದೆ ನೀರು ನಿಲ್ಲುವುದು ತುಂಬಾ ಸಾಮಾನ್ಯವಂತೆ, ಕಿವಿಗೂ ಗಂಟಲಿಗೂ ಇರುವ ಸಣ್ಣ ಕೊಳವೆಯನ್ನು ತೆರೆಯುವ ಸ್ನಾಯು ಇರುವುದು ಅಂಗುಳದಲ್ಲೇ. ಪುಟ್ಟಿ ಟಿವಿ ಸೌಂಡ್ ಜೋರು ಮಾಡುತ್ತಾಳೆ, ಕರೆದರೆ ತಿರುಗುವುದಿಲ್ಲ, ಹಟಮಾರಿ ಅಂತ ನಾನು ಎರಡು ಏಟು ಕೊಟ್ಟಿದ್ದೂ ಇದೆ. ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಆ ಏಟು ಈಗಲೂ ನನ್ನ ಕೈಯಲ್ಲಿದೆ.

ಮನೆಯಲ್ಲಿ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಮಾಡಿಸಿ ಅಂದಿದ್ದರು. ಮೊದಲು ಬರೀ ಪ. ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದರೆ, ಗಾಳಿ ಮೂಗಿಂದ ಬಂದಾಗ ಕನ್ನಡಿ ಮಂಜಾಗುತ್ತದೆ. ಕನ್ನಡಿ ಒಡೆದು ಹೋದ ಮೇಲೆ ಸ್ಟೀಲ್ ಮುಚ್ಚಳ ಹಿಡಿಯುತ್ತಿದ್ದೆವು. ತುಟಿ ಮುಂದೆ ಹಿಡಿಯೋಕೆ ಕಾಗದದ ಪಟ್ಟಿ ಬೇಕು, ತೆಳ್ಳಗಿರಬೇಕು. ಅದಕ್ಕೆ ನಿಮ್ಮ ಪತ್ರಿಕೆಯ ಅಂಚೇ ಸರಿಹೋಯಿತು. ಅಚ್ಚಿಲ್ಲದ ಬಿಳೀ ಅಂಚನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಪ ಸರಿಯಾಗಿ ಬಂದರೆ ಪಟ್ಟಿ ಚಿಟ್ಟೆ ಥರ ಹಾರಬೇಕು. ತಿಂಗಳುಗಟ್ಟಲೆ ಅದು ಅಲ್ಲಾಡಲಿಲ್ಲ. ಮೇಡಂ ಹೇಳಿಕೊಟ್ಟ ಹಾಗೆ ಎರಡು ಬೆರಳಲ್ಲಿ ಮೂಗು ಮುಚ್ಚಿ ಪ ಅನ್ನಿಸೋದು, ಆಗ ಗಾಳಿಗೆ ಬೇರೆ ದಾರಿ ಇಲ್ಲ, ಬಾಯಿಂದಲೇ ಬರುತ್ತದೆ. ಅವಳಿಗೆ ಆ ರುಚಿ ಸಿಕ್ಕ ಮೇಲೆ ಮೆಲ್ಲಗೆ ಬೆರಳು ತೆಗೆಯೋದು. ಬೆರಳು ತೆಗೆದರೆ ಮತ್ತೆ ಮ.

ಎಣಿಕೆಗೆ ಅತ್ತೆಯವರು ಅಟ್ಟದಿಂದ ಅಳಗುಳಿಮಣೆ ಇಳಿಸಿದರು. ಸರಿಯಾಗಿ ಒಂದು ಸಲ ಹೇಳಿದರೆ ಒಂದು ಗುಳಿಗೆ ಒಂದು ಹುಣಸೆ ಬೀಜ. ಹದಿನಾಲ್ಕು ಗುಳಿ ತುಂಬಿದರೆ ಅವತ್ತಿನ ಆಟ ಮುಗೀತು. ಅಜ್ಜಿ ಮನಸ್ಸು ಗೊತ್ತಲ್ಲ, ಅರ್ಧಂಬರ್ಧ ಬಂದರೂ "ಬಂತು ಬಂತು, ಹಾಕು ಪುಟ್ಟಾ" ಅಂತ ಬಿಟ್ಟುಬಿಡುತ್ತಿದ್ದರು. ಪುಟ್ಟಿ ಬಿಡುತ್ತಿರಲಿಲ್ಲ. ಬೀಜ ಗುಳಿಗೆ ಹಾಕಿ, ಒಂದು ಕ್ಷಣ ಸುಮ್ನೆ ಇದ್ದು, ತಲೆ ಅಲ್ಲಾಡಿಸಿ, ತಾನೇ ಅದನ್ನು ಹೆಕ್ಕಿ ವಾಪಸ್ ಬಟ್ಟಲಿಗೆ ಹಾಕುತ್ತಿದ್ದಳು. ಮೂರು ವರ್ಷದ ಮಗು. ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಕೆಲವು ದಿನ ಹತ್ತು ನಿಮಿಷ ಹೋಗಿ ನಲವತ್ತು ನಿಮಿಷ ಆದರೂ ಮಣೆ ಮುಂದಿಂದ ಏಳುತ್ತಿರಲಿಲ್ಲ, ನಿದ್ದೆಯಲ್ಲಿ ತೂಗಿ ಬೀಳುವವರೆಗೂ. ಒಂದೆರಡು ದಿನ ಸಿಟ್ಟು ಬಂದು ಬೀಜ ಎಲ್ಲ ಎರಚಿದ್ದೂ ಉಂಟು. ಎರಚಿದ್ದನ್ನು ಬೆಳಿಗ್ಗೆ ಎದ್ದು ಒಂದೊಂದೇ ಆರಿಸಿ ಬಟ್ಟಲಿಗೆ ತುಂಬಿಸಿ ಇಟ್ಟಿದ್ದವಳೂ ಅವಳೇ.

ಗಂಟಲಲ್ಲಿ ಬಿಕ್ಕುವ ಅಭ್ಯಾಸ ಬಿಡಿಸೋಕೆ ಮೇಡಂ ಒಂದು ಉಪಾಯ ಹೇಳಿದ್ದರು. ಪ ಆದ ಮೇಲೆ ಮೆತ್ತಗೆ ಒಂದು ಹ ಸೇರಿಸಿ ಅನ್ನಿಸಿ, ಗಂಟಲು ಬಿಗಿಯೋಕೆ ಆಗುವುದಿಲ್ಲ ಅಂತ. ಅಂದರೆ ಮಹಾಪ್ರಾಣ. ನಾವು ಮಾತಾಡುವಾಗ ಮಹಾಪ್ರಾಣ ಎಲ್ಲಿ ಬಳಸುತ್ತೇವೆ ಹೇಳಿ, ಹಳ್ಳಿ ಕಡೆ ಎಲ್ಲವೂ ಅಲ್ಪಪ್ರಾಣವೇ. ನಮ್ಮ ಮನೆಯಲ್ಲಿ ಮಾತ್ರ ಒಂದು ವರ್ಷ ಬರೀ ಪ್‌ಹಾ, ಪ್‌ಹೀ, ಪ್‌ಹೂ.

ಒಂದು ಸಾಯಂಕಾಲ ಯಜಮಾನರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಪುಟ್ಟಿ ಬಾಗಿಲಲ್ಲಿ ನಿಂತು ತನ್ನ ಮೂಗನ್ನು ತಾನೇ ಎರಡು ಬೆರಳಲ್ಲಿ ಹಿಡಿದುಕೊಂಡಳು. ಆಮೇಲೆ ಬೆರಳು ಬಿಟ್ಟಳು. ಬಿಟ್ಟು, "ಅಪ್‌ಹಾ" ಅಂದಳು. ನಾನು ಹುಲ್ಲು ಹಾಕುತ್ತಾ ಅಲ್ಲೇ ಇದ್ದೆ. ಅವರು ತಿರುಗಲಿಲ್ಲ, ಕೆಚ್ಚಲ ಮೇಲೆ ಕೈ ಹಾಗೇ ನಿಂತಿತು. ಅವಳು ಮತ್ತೆ ಅಂದಳು, ಇನ್ನೊಂದು ಸಲ ಅಂದಳು, ಮೂರೂ ಸಲ ಬಂತು. ಅವತ್ತು ನಮ್ಮ ಹಾಲು ಡೇರಿಗೆ ತಡವಾಗಿ ಹೋಯಿತು, ಕ್ಯಾನ್ ಗಾಡಿ ಹೊರಟು ಹೋಗಿತ್ತು. ಹಾಲು ವಾಪಸ್ ತಂದು, ಏನೂ ಮಾತಾಡದೆ, ಅತ್ತೆಯವರಿಗೆ ಪಾಯಸ ಮಾಡಿ ಅಂದರು.

ಇದು ಪಾಠ ಶುರುವಾಗಿ ಹನ್ನೊಂದು ತಿಂಗಳಿಗೆ ಆದದ್ದು. ಒಂದು ಅಕ್ಷರಕ್ಕೆ ಹನ್ನೊಂದು ತಿಂಗಳು. ಪ ಬಂದ ಮೇಲೆ ಬ ಬೇಗ ಬಂತು. ತ, ದ ಬಂದವು. ಕ, ಗ ಬರೋಕೆ ಮತ್ತೆ ಏಳೆಂಟು ತಿಂಗಳು.

ಹದಿನೈದು ದಿನಕ್ಕೊಂದು ಸಲ ಗುರುವಾರ ಮೈಸೂರಿಗೆ ಹೋಗುತ್ತಿದ್ದೆವು. ಬೆಳಿಗ್ಗೆ ಆರೂವರೆ ಬಸ್ಸು, ಭೇರ್ಯ, ಕೆ.ಆರ್. ನಗರ, ಇಲವಾಲದ ಮೇಲೆ. ಅಲ್ಲಿ ಮುಕ್ಕಾಲು ಗಂಟೆಯ ಪಾಠ, ಅದಕ್ಕೆ ಇಡೀ ದಿನ ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿತಲ್ಲ, ನನ್ನಂಥವಳಿಗೆ ಅದು ದೊಡ್ಡ ಉಪಕಾರ. ಅದಕ್ಕೆ ಮುಂಚೆ ಎರಡು ಸಲಕ್ಕೊಮ್ಮೆ ತಪ್ಪಿಸುತ್ತಿದ್ದೆ, ಆಮೇಲೆ ತಪ್ಪಿಸಲಿಲ್ಲ. ದಾರಿಯಲ್ಲಿ ಬೋರ್ಡುಗಳೇ ನಮ್ಮ ಪಾಠ. ಭೇರ್ಯ ಬಂದರೆ ಭ, ಇಬ್ಬರೂ ಕಿಟಕಿಗೆ ಮುಖ ಕೊಟ್ಟು ಭೇರ್ಯ ಭೇರ್ಯ ಅನ್ನೋದು. ಜನ ನೋಡುತ್ತಿದ್ದರು, ನೋಡಲಿ.

ಆ ಬಸ್ಸಿನಲ್ಲಿ ಒಬ್ಬರು ಕಂಡಕ್ಟರ್ ಇದ್ದರು. ಹೆಣ್ಣುಮಕ್ಕಳಿಗೆ ಜೀರೋ ಟಿಕೆಟ್ ಕೊಡುವಾಗಲೂ ಊರು ಕೇಳಬೇಕಲ್ಲ, ಅವರು ನನ್ನನ್ನು ಬಿಟ್ಟು ಪುಟ್ಟಿಯನ್ನೇ ಕೇಳುತ್ತಿದ್ದರು. ಹೋಗುವಾಗ ಅಷ್ಟು ತೊಂದರೆ ಇಲ್ಲ, ಮೈಸೂರಿನಲ್ಲಿ ಸ ಒಂದೇ ಕಷ್ಟ, ಮ ಅವಳಿಗೆ ಹುಟ್ಟಿನಿಂದ ಬಂದ ಅಕ್ಷರ. ಬರುವಾಗ ಹೊಳೆನರಸೀಪುರ ಅನ್ನಬೇಕು. ಅದು ನಿಮಗೂ ನನಗೂ ಸುಮ್ನೆ ಒಂದು ಊರು. ಅವಳಿಗೆ ಅದರಲ್ಲಿ ಸ ಇದೆ, ಪ ಇದೆ, ಅವಕ್ಕೆ ಮುಂಚೆ ನ ಬಂದು ಮೂಗಿನ ತೂಬು ಒಂದು ಸಲ ತೆರೆದು ಮತ್ತೆ ಮುಚ್ಚಬೇಕು. ಎಷ್ಟೋ ತಿಂಗಳು ಮುರ ಅಂತಲೇ ಬಂತು. ಆ ಮನುಷ್ಯ ಒಂದು ದಿನವೂ ನಗಲಿಲ್ಲ, ಅವಸರ ಮಾಡಲಿಲ್ಲ, ನನ್ನ ಮುಖ ನೋಡಲಿಲ್ಲ. ಬಸ್ ತುಂಬಿದ್ದರೂ ಟಿಕೆಟ್ ಮಿಷನ್ ಹಿಡಿದುಕೊಂಡು ಅವಳು ಮುಗಿಸುವವರೆಗೂ ನಿಲ್ಲುತ್ತಿದ್ದರು. ಒಂದು ಗುರುವಾರ ಪುಟ್ಟಿ ಸೀಟಿನ ಮೇಲೆ ಎದ್ದು ನಿಂತು, ಒಂದೊಂದೇ ಅಕ್ಷರ ಬಿಡಿಸಿ, ಪುರ ಅಂತ ಮುಗಿಸಿದಳು. "ಸರಿ ಮೇಡಂ, ಹೊಳೆನರಸೀಪುರ ಒಂದು" ಅಂತ ಟಿಕೆಟ್ ಹರಿದು ಅವಳ ಕೈಗೇ ಕೊಟ್ಟರು. ಆ ಟಿಕೆಟ್ ಇನ್ನೂ ಅವಳ ಪೆನ್ಸಿಲ್ ಬಾಕ್ಸಿನಲ್ಲಿದೆ. ಅಕ್ಷರ ಎಲ್ಲ ಅಳಿಸಿ ಬರೀ ಬಿಳೀ ಕಾಗದ ಆಗಿದೆ, ಎಸೆಯೋಕೆ ಬಿಡುವುದಿಲ್ಲ.

ಆ ಕಂಡಕ್ಟರಿಗೆ ಇದ್ದ ತಾಳ್ಮೆ ಎಲ್ಲ ಕಡೆ ಸಿಗಲಿಲ್ಲ. ಅವಳು ಹೋಗುತ್ತಿದ್ದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ಮಾಡಿಸಿದರು. ಪುಟ್ಟಿಗೆ ಕೊಟ್ಟಿದ್ದು ಮರದ ಪಾತ್ರ. ಎರಡು ಕೈ ಮೇಲೆತ್ತಿ ನಿಲ್ಲಬೇಕು, ಮಾತಿಲ್ಲ. ನಾನು ಕೇಳಿದ್ದಕ್ಕೆ, "ಪಾಪ, ಸ್ಟೇಜ್ ಮೇಲೆ ಎಲ್ಲರೂ ನಕ್ಕರೆ ಮಗುಗೆ ಬೇಜಾರಾಗುತ್ತಲ್ವಾ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೆ ಗೊತ್ತು. ಆದರೆ ಯಾರೋ ನಗುತ್ತಾರೆ ಅಂತ ಮಾತಾಡೋಕೆ ಹೊರಟ ಮಗುವಿನ ಬಾಯಿ ಮುಚ್ಚಿಸೋದು ಯಾವ ನ್ಯಾಯ? ನಗೋರಿಗೆ ಹೇಳಬೇಕಲ್ಲವಾ? ಮನೆಗೆ ಬಂದು ಅವಳು ನಾಟಕದ ಎಲ್ಲ ಮಕ್ಕಳ ಮಾತನ್ನೂ ಹೇಳಿ ತೋರಿಸುತ್ತಿದ್ದಳು, ಮೊಲದ್ದು, ನರಿಯದ್ದು, ಅಜ್ಜಿಯದ್ದು. ಇಡೀ ನಾಟಕ ಬಾಯಿಪಾಠ ಆಗಿತ್ತು. ಸ್ಟೇಜ್ ಮೇಲೆ ಇಪ್ಪತ್ತು ನಿಮಿಷ ಕೈ ಎತ್ತಿಕೊಂಡು ನಿಂತಿದ್ದಳು, ಒಂದು ಸಲವೂ ಇಳಿಸಲಿಲ್ಲ.

ಮೇಷ್ಟ್ರು, ಮೇಡಂಗಳಿಗೆ ನನ್ನದು ಒಂದೇ ಬೇಡಿಕೆ. ಇಂಥ ಮಗು ನಿಮ್ಮ ತರಗತಿಯಲ್ಲಿದ್ದರೆ ಮುಂದಿನ ಸಾಲಿನಲ್ಲಿ ಕೂರಿಸಿ, ಕಿವಿಗೂ ಅನುಕೂಲ. ಅವಳು ಹೇಳಿದ್ದು ಅರ್ಥ ಆಗದಿದ್ದರೆ ಆಯಿತು ಆಯಿತು ಅಂತ ತಲೆ ಆಡಿಸಬೇಡಿ, ಅದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಸಲ ಹೇಳು ಅನ್ನಿ. ಹೇಳುತ್ತಾರೆ. ನೂರು ಸಲ ಹೇಳಿ ಅಭ್ಯಾಸ ಇರುವ ಮಕ್ಕಳು ಅವು.

ಈಗ ಸರ್ಕಾರಕ್ಕೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಗೆ, ಶಾಲೆಗೆ ಬಂದು ನೋಡಬೇಕು, ಸೀಳು ತುಟಿ ಅಂಗುಳ ಆ ಪಟ್ಟಿಯಲ್ಲೇ ಇದೆ. ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅಂತ, ಮಕ್ಕಳ ತೊಂದರೆಗಳಿಗೆ ಬೇಗನೇ ಚಿಕಿತ್ಸೆ ಶುರು ಮಾಡುವ ಕೇಂದ್ರ, ಅಲ್ಲಿ ಮಾತಿನ ಥೆರಪಿ ಕೊಡೋರೂ ಇರಬೇಕು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ನಾವು ಮೊದಲು ವಿಚಾರಿಸಿದ ಒಂದು ಕಡೆ ಹುದ್ದೆ ಖಾಲಿ ಇತ್ತು, ಯಾವಾಗ ಬರುತ್ತಾರೆ ಅಂತ ಕೇಳಿದರೆ ಉತ್ತರ ಇರಲಿಲ್ಲ. ಪ್ರತಿ ತಾಲ್ಲೂಕಿಗೂ ಪೂರ್ತಿ ಹುದ್ದೆ ಕೊಡೋಕೆ ಆಗದಿದ್ದರೆ ಬೇಡ, ವಾರಕ್ಕೆ ಒಂದು ದಿನ ತಾಲ್ಲೂಕು ಆಸ್ಪತ್ರೆಗೆ ಒಬ್ಬರು ಥೆರಪಿಸ್ಟ್ ಬರಲಿ. ಸಂತೆ ದಿನ ಬಂದರೆ ಇನ್ನೂ ಒಳ್ಳೆಯದು, ಹೇಗೂ ಹಳ್ಳಿ ಜನ ಬಂದಿರುತ್ತಾರೆ. ವಿಡಿಯೋ ಕಾಲ್ ಮೇಲೆ ಪಾಠ ಹೇಳುವ ವ್ಯವಸ್ಥೆ ಮೈಸೂರಿನ ಸಂಸ್ಥೆಯಲ್ಲಿ ಇದೆ, ನಾವೂ ಮಳೆಗಾಲದಲ್ಲಿ ಬಳಸಿಕೊಂಡೆವು, ಆದರೆ ಎಷ್ಟು ತಾಯಂದಿರಿಗೆ ಅದು ಗೊತ್ತು? ಮತ್ತೆ ಶಿಬಿರ ಮಾಡುವ ಪುಣ್ಯಾತ್ಮರಲ್ಲಿ ಕೈ ಮುಗಿದು ಕೇಳುತ್ತೇನೆ. ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಇಂಗ್ಲಿಷ್ ಪದದ ಬದಲು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಮಾತಿನ ಪಾಠಕ್ಕೆ ಎಲ್ಲಿಗೆ ಹೋಗಬೇಕು, ಯಾವ ತಿಂಗಳು, ಯಾರ ಹತ್ತಿರ, ಕಿವಿ ಪರೀಕ್ಷೆ ಯಾವಾಗ. ಆರು ತಿಂಗಳ ಮೇಲೆ ಒಂದು ಫೋನ್ ಮಾಡಿ, ಹೋದಿರಾ ಅಂತ.

ಮನೆಯಲ್ಲೇ ನೋಡಿಕೊಳ್ಳೋಕೆ ಒಂದು ಸುಲಭದ ಪರೀಕ್ಷೆ ಇದೆ, ಅದನ್ನೂ ದಯವಿಟ್ಟು ಅಚ್ಚು ಹಾಕಿ. ಮಗುವಿಗೆ ಪಾಪು ಪಾಪು ಪಾಪು ಅನ್ನೋಕೆ ಹೇಳಿ. ಹೇಳುತ್ತಾ ಇರುವಾಗಲೇ ಮೂಗು ಹಿಡಿಯಿರಿ. ಬಾಯಿಂದ ಸರಿಯಾಗಿ ಮಾತಾಡುವ ಮಗುವಿಗೆ ಏನೂ ವ್ಯತ್ಯಾಸ ಆಗುವುದಿಲ್ಲ. ಮೂಗು ಹಿಡಿದ ಕೂಡಲೇ ದನಿ ಬದಲಾದರೆ ಗಾಳಿ ಮೂಗಿಂದ ಸೋರುತ್ತಿದೆ ಅಂತ, ಆಗ ತೋರಿಸಬೇಕು. ತುಟಿ ಸರಿಯಿದ್ದು ಒಳಗೆ ಅಂಗುಳ ಮಾತ್ರ ಸೀಳಿರುವ ಮಕ್ಕಳೂ ಇರುತ್ತಾರೆ, ಹೊರಗೆ ಏನೂ ಕಾಣದೆ ತಡವಾಗಿ ಗೊತ್ತಾಗುತ್ತದೆ.

ಪುಟ್ಟಿ ಈ ಜೂನ್‌ಗೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದಳು. ಹೊಸ ಜನ ಅವಳ ಮಾತನ್ನು ಹತ್ತಕ್ಕೆ ಎಂಟು ಸಲ ಹಿಡಿಯುತ್ತಾರೆ. ಸ ಮತ್ತು ಚ ಇನ್ನೂ ಪೂರ್ತಿ ಬಂದಿಲ್ಲ, ಸಕ್ಕರೆ ಅಂದರೆ ಸ್ವಲ್ಪ ಗಾಳಿ ಮೂಗಿಂದ ಹೋಗುತ್ತದೆ. ಓಡಿ ಬಂದು ಗಡಿಬಿಡಿಯಲ್ಲಿ ಮಾತಾಡಿದರೆ ಹಳೇದೆಲ್ಲ ವಾಪಸ್ ಬರುತ್ತದೆ, ಆಗ ತಾನೇ ನಿಂತು ಮತ್ತೆ ಮೊದಲಿಂದ ಹೇಳುತ್ತಾಳೆ. ತರಗತಿಯಲ್ಲಿ ಒಬ್ಬ ಹುಡುಗ ಮೂಗು ಹಿಡಿದು ಅವಳನ್ನು ಅಣಕಿಸಿದನಂತೆ. ಇವಳು ಅವನಿಗೆ, "ಹಾಗಲ್ಲ, ಮೂಗು ಹಿಡಿದರೆ ಸರಿಯಾಗಿ ಬರುತ್ತೆ, ಬಿಟ್ಟರೇ ಕಷ್ಟ" ಅಂತ ಹೇಳಿಕೊಟ್ಟು ಬಂದಿದ್ದಾಳೆ. ಅಳಗುಳಿಮಣೆ ಈಗಲೂ ಸಂಜೆ ಹೊರಗೆ ಬರುತ್ತದೆ, ಈಗ ಬೀಜ ಸ ಅಕ್ಷರದ್ದು.

ಈ ಪತ್ರ ಅರ್ಧ ಬರೆದಿದ್ದಾಗ, ಮೊನ್ನೆ, ಪಕ್ಕದ ಊರಿನಿಂದ ಒಬ್ಬಳು ಹುಡುಗಿ ಮಗು ಎತ್ತಿಕೊಂಡು ಬಂದಿದ್ದಳು, ಯಾರೋ ನಮ್ಮ ಮನೆ ತೋರಿಸಿದ್ದಾರೆ. ಗಂಡು ಮಗು, ಎರಡು ತಿಂಗಳು, ತುಟಿ ಅಂಗುಳ ಎರಡೂ. ಬಂದವಳೇ ಮೊದಲು ಹೇಳಿದ್ದು, ಅಕ್ಕಾ ನಾನು ಗ್ರಹಣದಲ್ಲಿ ಹೊರಗೆ ಹೋಗಿರಲಿಲ್ಲ ಅಂತ. ಕೂರಿಸಿ ತಿಂಗಳ ಲೆಕ್ಕ ಹೇಳಿದೆ. ಪುಟ್ಟಿ ಮಗುವಿನ ಬಾಯಿ ಒಳಗೆ ಬಗ್ಗಿ ನೋಡಿ, "ನಂದೂ ಹಿಂಗೇ ಇತ್ತಾ?" ಅಂತ ಕೇಳಿದಳು. ಮಗು ಈಗ 3 ಕೆ.ಜಿ. 800 ಗ್ರಾಂ ಇದೆ, ನಾಲ್ಕೂವರೆ ಆಗಬೇಕು. ಬಾಟಲಿಯಲ್ಲಿ ಕುಡಿಸಿ ಸಾಕಾಗಿದ್ದಾಳೆ, ಪಾಪ. ಅತ್ತೆಯವರು ಒಳಗೆ ಹೋಗಿ ಬೆಳ್ಳಿ ಒಳಲೆ ತಂದು, ಬಿಸಿನೀರಲ್ಲಿ ಕುದಿಸಿ ಒರೆಸಿ, ಅವಳ ಕೈಗೆ ಕೊಟ್ಟು ಕಳಿಸಿದರು.

ಇತಿ,
ಒಬ್ಬ ತಾಯಿ
ಹೊಳೆನರಸೀಪುರ ತಾಲ್ಲೂಕು